ಯಾವ ಭೇದವನ್ನು ಸಹಿಸಬೇಕು?

ಊರು ಬಿಟ್ಟವನಿಗೆ ಮೊದಲು ಬೇಕಾಗುವುದು ಒಂದು ಬಾಡಿಗೆ ಮನೆ. ಆಮೇಲೆ ಹಾಲಿನವನು, ಮಕ್ಕಳಿಗೆ ಶಾಲೆ. ನಮ್ಮಂಥ ಕ್ರೈಸ್ತ ಮನೆತನದವರಿಗೆ ಇನ್ನೂ ಒಂದು ಬೇಕು: ಭಾನುವಾರ ಹೋಗಿ ಕೂರಲು ಒಂದು ಸಭೆ. ಊರಲ್ಲಿದ್ದಾಗ ಇದನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಅಜ್ಜ ಹೋದ ಚರ್ಚಿಗೆ ಅಪ್ಪ ಹೋದ, ಅಪ್ಪ ಹೋದ ಚರ್ಚಿಗೆ ನಾವು ಹೋದೆವು. ಅದು ನಂಬಿಕೆಯೋ ರೂಢಿಯೋ ಅಂತ ಕೇಳಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಪರಊರಿಗೆ ಬಂದ ಮೇಲೆ ಮಾತ್ರ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಸ್ತೆಯಲ್ಲಿ ನಿಂತು, 'ನಾನು ಯಾವ ಸಭೆಯವನು?' ಎಂದು ಯೋಚಿಸಬೇಕಾಗುತ್ತದೆ.

ನನ್ನದು ಗದಗ-ಬೆಟಗೇರಿ. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಶಾಲೆ, ಚರ್ಚು ಕಟ್ಟಿದ ಊರು. ಅವರ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ನಮ್ಮ ಮನೆತನ ನೇಕಾರಿಕೆಯದು. ನಾನು ಮಾತ್ರ ಮಗ್ಗ ಬಿಟ್ಟು ಬ್ಯಾಂಕು ಸೇರಿದೆ. ವರ್ಗವಾಗಿ ಬಂದದ್ದು ಮಂಗಳಗಿರಿಗೆ. ಊರಕಡೆ ಹೇಳಿದರೆ "ಮಂಗಳೂರೇನ್ರಿ?" ಅಂತ ಕೇಳುತ್ತಾರೆ. ಅಲ್ಲ, ಇದು ಆಂಧ್ರದ ಮಂಗಳಗಿರಿ, ವಿಜಯವಾಡಕ್ಕೂ ಗುಂಟೂರಿಗೂ ನಡುವೆ, ಹೆದ್ದಾರಿ ಪಕ್ಕ ಬೆಟ್ಟದ ಬುಡದಲ್ಲಿದೆ. ಬೆಟ್ಟದ ಮೇಲೆ ಪಾನಕಾಲ ನರಸಿಂಹಸ್ವಾಮಿ. ಬೆಲ್ಲದ ಪಾನಕವನ್ನು ಸ್ವಾಮಿಯ ಬಾಯಿಗೆ ಹೊಯ್ದರೆ ಅರ್ಧ ಕುಡಿದು ಅರ್ಧ ಭಕ್ತನಿಗೇ ಬಿಡುತ್ತಾನೆ ಎಂಬುದು ಇಲ್ಲಿಯವರ ನಂಬಿಕೆ. ಕೆಳಗೆ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಹನ್ನೊಂದು ಅಂತಸ್ತಿನ ಗೋಪುರ. ಸುತ್ತಲಿನ ಓಣಿಗಳಲ್ಲಿ ಮಗ್ಗದ ಸದ್ದು. ಮೊದಲ ವಾರ ಆ ಸದ್ದು ಕೇಳಿಯೇ ನನಗೆ ಊರು ಒಗ್ಗಿತು ಅನ್ನಬಹುದು.

ಸಭೆ ಮಾತ್ರ ಅಷ್ಟು ಸುಲಭಕ್ಕೆ ಒಗ್ಗಲಿಲ್ಲ, ಯಾಕೆಂದರೆ ಇಲ್ಲಿ ಸಭೆಗಳಿಗೆ ಬರವಿಲ್ಲ. ಈ ಸೀಮೆಯಲ್ಲಿ ಲೂಥರನ್ ಇದೆ, ಸಿ.ಎಸ್.ಐ. ಇದೆ, ಬ್ಯಾಪ್ಟಿಸ್ಟ್ ಇದೆ, ಕ್ಯಾಥೊಲಿಕ್ ಇದೆ. ಮೇಲೆ ಪೆಂತೆಕೊಸ್ತಿನವರು, ಯಾರಿಗೂ ಸೇರದೆ ತಗಡಿನ ಶೆಡ್ಡಿನಲ್ಲಿ ಸ್ವಂತ ಸಭೆ ನಡೆಸುವ ಪಾಸ್ಟರುಗಳು. ಎಲ್ಲರೂ ಒಬ್ಬನೇ ಯೇಸುವಿನ ಹೆಸರು ಹೇಳುತ್ತಾರೆ. ಒಬ್ಬರ ಮೈಕಿನ ಸದ್ದಿನ ಮೇಲೆ ಇನ್ನೊಬ್ಬರ ಮೈಕು ಹರಿಯುತ್ತದೆ.

ಇಷ್ಟೊಂದು ಸಭೆ ಹೇಗಾದವು ಅಂತ ವಿಚಾರಿಸುತ್ತಾ ಹೋದರೆ ತಿಳಿಯುವುದು ತೀರ ಸರಳ ಸಂಗತಿ. ಮಚಲೀಪಟ್ಟಣಕ್ಕೆ 1841ರಲ್ಲಿ ಆಂಗ್ಲಿಕನ್ ಮಿಷನರಿಗಳು ಬಂದರು. ಮರುವರ್ಷ, 1842ರಲ್ಲಿ, ಗುಂಟೂರಿಗೆ ಅಮೆರಿಕದ ಲೂಥರನ್ ಪಾದ್ರಿ ಹೇಯರ್ ಬಂದರು. ಒಂಗೋಲಿನ ಕಡೆ ಅಮೆರಿಕನ್ ಬ್ಯಾಪ್ಟಿಸ್ಟರು. ಅಲ್ಲಿ 1878ರ ಜುಲೈನಲ್ಲಿ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಕ್ಯಾಥೊಲಿಕರು ಇವರೆಲ್ಲರಿಗಿಂತ ಹಿಂದಿನವರು. ಯಾವ ತಾಲ್ಲೂಕಿಗೆ ಯಾವ ದೇಶದ ಪಾದ್ರಿ ಕಾಲಿಟ್ಟನೋ ಆ ತಾಲ್ಲೂಕಿನ ನಂಬಿಕೆ ಅದಾಯಿತು. ಹೊಲದಲ್ಲಿ ಕೂಲಿ ಮಾಡುವ ಮನುಷ್ಯನಿಗೆ ಜರ್ಮನಿಯ ಜಗಳವೋ ಇಂಗ್ಲೆಂಡಿನ ಜಗಳವೋ ಪಿತ್ರಾರ್ಜಿತವಾಗಿ ಬಂತು. ನಮ್ಮ ಬೆಟಗೇರಿಯದೂ ಇದೇ ಕತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವರು ನಮ್ಮಲ್ಲಿಗೆ ಬರದೆ ಬೇರೆಯವರು ಬಂದಿದ್ದರೆ ನಾನು ಬೇರೆ ಸಭೆಯವನಾಗಿರುತ್ತಿದ್ದೆ, ಅದೇ ಖರೇ ಸಭೆ ಅಂತ ವಾದವನ್ನೂ ಮಾಡುತ್ತಿದ್ದೆ.

ಹಾಗಾದರೆ ನಂಬಿಕೆ ಅನ್ನುವುದು ಬರೀ ಆಕಸ್ಮಿಕವೇ? ಆಕಸ್ಮಿಕವಾಗಿ ಬಂದದ್ದಕ್ಕಾಗಿ ಹಠ ಹಿಡಿಯುವುದು ಸರಿಯೇ? ಒಂದಾಗಬೇಕು ಅಂದರೆ ಎಲ್ಲರೂ ತಮ್ಮ ತಮ್ಮ ನಂಬಿಕೆಯನ್ನು ಸ್ವಲ್ಪ ಸ್ವಲ್ಪ ಕೈಬಿಡಬೇಕೇ? ಈ ಪ್ರಶ್ನೆಗಳನ್ನು ನಮಗಿಂತ ಮೊದಲೇ ಕೇಳಿಕೊಂಡವರು ದಕ್ಷಿಣ ಭಾರತದಲ್ಲಿದ್ದರು. ಅವರಲ್ಲಿ ಮುಖ್ಯರಾದವರು ನನ್ನ ಹಾಗೆ ಪರಊರಿನಿಂದ ತೆಲುಗು ನಾಡಿಗೆ ಬಂದವರು ಅನ್ನುವುದು ನನಗೆ ಸಣ್ಣ ಸಮಾಧಾನ.

ವಿ. ಎಸ್. ಅಜರಯ್ಯ ತಿರುನೆಲ್ವೇಲಿ ಕಡೆಯ ತಮಿಳರು. ತೆಲುಗು ಕಲಿತು ದೋರ್ನಕಲ್ ಎಂಬ ರೈಲ್ವೆ ಜಂಕ್ಷನ್ನಿನ ಊರಿಗೆ ಬಂದು ನೆಲೆಸಿದರು. 1912ರಲ್ಲಿ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯನೊಬ್ಬ ಬಿಷಪ್ ಆದದ್ದು ಅದೇ ಮೊದಲು. 1919ರ ಮೇ ತಿಂಗಳಲ್ಲಿ ಸಮುದ್ರ ದಂಡೆಯ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಪಾಲಕರು ಸೇರಿದರು. ಹೆಚ್ಚುಕಡಿಮೆ ಎಲ್ಲರೂ ಭಾರತೀಯರೇ. 'ಈ ಭೇದಗಳನ್ನು ನಾವು ಮಾಡಿಕೊಂಡದ್ದಲ್ಲ, ಹೊರಗಿನಿಂದ ಬಂದವು, ನಾವು ಒಂದಾಗೋಣ' ಎಂಬುದು ಅವರ ಮಾತಿನ ತಿರುಳು. ಹೇಳುವುದು ಸುಲಭವಾಯಿತು, ಮಾಡಲು ಇಪ್ಪತ್ತೆಂಟು ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು.

ಇಪ್ಪತ್ತೆಂಟು ವರ್ಷ ಯಾಕೆ ಹಿಡಿಯಿತು ಅನ್ನುವುದರಲ್ಲೇ ಪಾಠವಿದೆ. ಆಂಗ್ಲಿಕನ್ನರಿಗೆ ಬಿಷಪ್ಪನ ಕೈಯಿಂದ ಅಭಿಷೇಕವಾದವನೇ ಪಾಲಕ. ಪ್ರೆಸ್ಬಿಟೇರಿಯನ್ನರಿಗೆ, ಕಾಂಗ್ರಿಗೇಷನಲಿಸ್ಟರಿಗೆ ಬಿಷಪ್ ಎಂಬ ಪದವಿಯೇ ಬೇಕಿರಲಿಲ್ಲ. ಮೆಥಡಿಸ್ಟರದು ಬೇರೆಯೇ ಪದ್ಧತಿ. ಒಬ್ಬರು ಸರಿ ಅಂದರೆ ಇನ್ನೊಬ್ಬರ ಪಾಲಕ ಇಷ್ಟು ವರ್ಷ ಬಡಿಸಿದ ಕರ್ತನ ಭೋಜನವೇ ಅರೆಬರೆ ಅಂದಂತಾಗುತ್ತದೆ. ಕೊನೆಗೆ ಅವರು ಕಂಡುಕೊಂಡ ದಾರಿ ಹೀಗಿತ್ತು: ಈಗಿರುವ ಪಾಲಕರನ್ನೆಲ್ಲ ಇದ್ದ ಹಾಗೇ ಒಪ್ಪಿಕೊಳ್ಳುವುದು, ಯಾರಿಗೂ ಎರಡನೆಯ ಅಭಿಷೇಕ ಬೇಡ. ಮುಂದೆ ಬರುವವರಿಗೆ ಬಿಷಪ್ಪರೇ ಅಭಿಷೇಕ ಮಾಡುವುದು. ಯಾವ ಸಭೆಯ ಮನಸ್ಸಾಕ್ಷಿ ಒಪ್ಪುವುದಿಲ್ಲವೋ ಅಂಥ ಪಾಲಕನನ್ನು ಆ ಸಭೆಯ ಮೇಲೆ ಹೇರದಿರುವುದು. ಮೂವತ್ತು ವರ್ಷ ಹೀಗೆ ಒಟ್ಟಿಗೆ ಬಾಳಿ, ಆಮೇಲೆ ಕೂತು ನೋಡುವುದು.

ಇದನ್ನು ರಾಜಿ ಅಂತ ಹಳಿದವರಿದ್ದರು. ಇಂಗ್ಲೆಂಡಿನಲ್ಲಿ ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದರು. ಇತ್ತ ರಾಯಲಸೀಮೆಯ ನಂದ್ಯಾಲದ ಕಡೆ ಬಹಳಷ್ಟು ಆಂಗ್ಲಿಕನ್ ಸಭೆಗಳು ಸೇರುವುದಿಲ್ಲ ಅಂದುಬಿಟ್ಟವು. ಸುತ್ತಲಿನವರೆಲ್ಲ ಒಂದಾಗಿ ಸಂಭ್ರಮಪಡುವಾಗ ಇವರು ಹೊರಗೇ ಉಳಿದರು. ಸಿ.ಎಸ್.ಐ.ಗೆ ಬಂದದ್ದು 1975ರಲ್ಲಿ. ಗುಂಟೂರಿನ ಲೂಥರನ್ನರು, ತೆಲುಗು ಬ್ಯಾಪ್ಟಿಸ್ಟರು ಇವತ್ತಿಗೂ ಸೇರಿಲ್ಲ.

ಮೊದಮೊದಲು ಇಂಥವರ ಮೇಲೆ ನನಗೆ ಬೇಸರವಿತ್ತು. ಈಗ ಅನಿಸುವುದು ಬೇರೆ. ನಂದ್ಯಾಲದವರು ತಮ್ಮ ನಂಬಿಕೆಗೆ ಬೆಲೆ ಕೊಟ್ಟವರು. ಅವರನ್ನು ಎಳೆದು ತಂದು ಕೂರಿಸಿದ್ದರೆ ಸಂಖ್ಯೆ ಹೆಚ್ಚಾಗುತ್ತಿತ್ತೇ ಹೊರತು ಒಗ್ಗಟ್ಟು ಹೆಚ್ಚಾಗುತ್ತಿರಲಿಲ್ಲ. ನಂಬಿಕೆ ಗಟ್ಟಿ ಇರುವವನ ಜೊತೆ ಒಂದಾಗುವುದು ಕಷ್ಟ, ಆದರೆ ಆದರೆ ಅದು ನಿಲ್ಲುತ್ತದೆ. ಯಾವುದಕ್ಕೂ ಅಂಟಿಕೊಳ್ಳದವನ ಜೊತೆ ಒಂದಾಗಲು ಒಂದು ನಿಮಿಷ ಸಾಕು, ಬಿಟ್ಟುಹೋಗಲೂ ಅಷ್ಟೇ ಸಾಕು. ನಂಬಿಕೆ ಅಪ್ಪನಿಂದ ಆಕಸ್ಮಿಕವಾಗಿ ಬಂದಿರಬಹುದು. ಮಾತೃಭಾಷೆಯೂ ಹಾಗೇ ಬಂದದ್ದಲ್ಲವೇ? ಕನ್ನಡವನ್ನು ನಾನು ಆರಿಸಿಕೊಂಡಿಲ್ಲ, ಹಾಗಂತ ಅದು ನನ್ನದಲ್ಲವೆಂದು ಯಾರೂ ಹೇಳಲಾರರು. ತೆಲುಗಿನವರ ನಡುವೆ ಹಗುರಾಗಿ ಬಾಳಲು ಕನ್ನಡ ಮರೆಯಬೇಕೆಂದೂ ಇಲ್ಲ. ನಂಬಿಕೆಯ ವಿಷಯದಲ್ಲೂ ನನ್ನ ಮಾತು ಇಷ್ಟೇ: ಭೇದವಿದ್ದೂ ಒಂದೇ ಮೇಜಿಗೆ ಕೂರುವುದಕ್ಕೆ ತಾಳ್ಮೆ ಬೇಕು. ನಂಬಿಕೆ ಬಿಡಬೇಕಿಲ್ಲ.

ಆದರೆ ಎಲ್ಲ ಭೇದಕ್ಕೂ ಈ ತಾಳ್ಮೆ ಸಲ್ಲುತ್ತದೆಯೇ? ಇದನ್ನು ನನಗೆ ಕಲಿಸಿದ್ದು ಇಲ್ಲಿಯ ಒಂದು ಮದುವೆ ಮಾತುಕತೆ.

ನಮ್ಮ ಬೀದಿಯ ಗೆಳೆಯರೊಬ್ಬರ ಮಗಳು ನರ್ಸು. ಅವಳ ಜೊತೆ ಕೆಲಸ ಮಾಡುವ ಹುಡುಗನೂ ಕ್ರೈಸ್ತನೇ. ಇಬ್ಬರಿಗೂ ಒಪ್ಪಿಗೆ. ಹುಡುಗಿಯ ಸಭೆಯಲ್ಲಿ ಮಗುವಿನ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಹುಡುಗನ ಸಭೆಯಲ್ಲಿ ದೊಡ್ಡವರಾದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೊಡುತ್ತಾರೆ. ಹುಡುಗಿಯ ತಂದೆ ನನ್ನ ಹತ್ತಿರ ಬಂದು, "ಬ್ರದರ್, ನೀವು ಹೊರಗಿನವರು, ನೀವೇ ಒಂದು ಮಾತು ಹೇಳಿ. ಅವರ ಬಾಪ್ತಿಸ್ಮ ಬೇರೆ, ನಮ್ಮ ಬಾಪ್ತಿಸ್ಮ ಬೇರೆ, ಹೇಗಾಗುತ್ತದೆ?" ಅಂದರು. ನಾನು ಹುರುಪಿನಿಂದ ಅಜರಯ್ಯ, ತರಂಗಂಬಾಡಿ, ಮೂವತ್ತು ವರ್ಷದ ಕರಾರು ಎಲ್ಲ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು, ತಲೆಯಾಡಿಸಿದರು. ಮರುದಿನ ಮತ್ತೆ ಅದೇ ಮಾತು. ಮೂರನೆಯ ದಿನ ಅವರ ಹೆಂಡತಿ, ಆ ತಾಯಿ, ಒಳಗಿನಿಂದಲೇ ಹೇಳಿದರು: "ನೀರಿನ ಮಾತು ಬಿಡಿ. ಅವರು ಮಾದಿಗರು, ನಾವು ಮಾಲರು. ಅದನ್ನು ಹೇಳಿ."

ನಮ್ಮ ಕಡೆ ಎಡಗೈ, ಬಲಗೈ ಅಂತ ಇರುವುದನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೂ ಊರ ಹೊರಗೆ ಇದ್ದವರು, ಇಬ್ಬರೂ ಅದೇ ಅವಮಾನ ಉಂಡವರು. ಅವರ ನಡುವೆಯೂ ಒಂದು ಗೆರೆ. ಹಳ್ಳಿಗಳಲ್ಲಿ ಮಾಲಪಲ್ಲೆ ಬೇರೆ, ಮಾದಿಗಪಲ್ಲೆ ಬೇರೆ. ಮಿಷನರಿಗಳ ಕಾಲದಲ್ಲಿ ಒಂದು ಕೇರಿಗೆ ಕೇರಿಯೇ ಕ್ರೈಸ್ತವಾದಾಗ ಆ ಗೆರೆಯೂ ಜೊತೆಗೇ ಬಂತು. ಎಷ್ಟೋ ಕಡೆ ಒಂದು ಸಭೆ ಒಂದು ಜಾತಿಯ ಸಭೆಯಾಯಿತು, ಪಕ್ಕದ ಸಭೆ ಇನ್ನೊಂದು ಜಾತಿಯದಾಯಿತು. ಹೆಚ್ಚು ಜಮೀನು ಇದ್ದವರು ಕ್ರೈಸ್ತರಾದ ಕಡೆ ಅವರದು ಮೂರನೆಯ ಸಾಲು. ಹೀಗಾಗಿ ಹೊರಗಿನವನ ಕಣ್ಣಿಗೆ ಸಿದ್ಧಾಂತದ ಭೇದವಾಗಿ ಕಾಣುವುದು ಒಳಗಿನವನಿಗೆ ಜಾತಿಯ ಭೇದ. ಚಿಮುಕಿಸುವ ನೀರು, ಮುಳುಗಿಸುವ ನೀರು ಎಂಬ ಮಾತಿನ ಹಿಂದೆ ಕೇರಿಯ ಬಾವಿಯ ನೀರೇ ಇದ್ದೀತು. ಭಾನುವಾರ ಬಾಯಿ ತುಂಬ ಬ್ರದರ್ ಅನ್ನುತ್ತೇವೆ; ಬ್ರದರ್ ಆಗಬಹುದು, ಬೀಗ ಆಗುವಂತಿಲ್ಲ.

ಆಗ ನನಗೆ ಹೊಳೆದದ್ದು ಇದು. 1919ರಿಂದ 1947ರವರೆಗೆ ಆ ದೊಡ್ಡವರು ಮೇಜಿನ ಮೇಲಿಟ್ಟು ಚರ್ಚಿಸಿದ್ದು ಬಿಷಪ್, ಅಭಿಷೇಕ, ಸಂಸ್ಕಾರ. ಅವು ಪಶ್ಚಿಮದಿಂದ ಬಂದ ಭೇದಗಳು. ನಮ್ಮದೇ ನೆಲದ ಭೇದ ಆ ಕರಾರಿನಿಂದ ಕರಗುವಂಥದ್ದಾಗಿರಲಿಲ್ಲ. ಅಜರಯ್ಯನವರಿಗೆ ಇದು ತಿಳಿದಿರಲಿಲ್ಲ ಅಂತಲ್ಲ. ಅವರ ಸಭೆಯಲ್ಲಿ ಮಾಲರೂ ಮಾದಿಗರೂ ಇದ್ದರು. ಅಂಬೇಡ್ಕರ್ 1935ರಲ್ಲಿ ಯೇವಲೆಯಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದಾಗ, ಕ್ರೈಸ್ತರ ಕಡೆ ನೋಡಿದ ಯಾರಿಗಾದರೂ ಏಳಬಹುದಾಗಿದ್ದ ಪ್ರಶ್ನೆ ಇದೇ: ನಿಮ್ಮಲ್ಲಿ ಬಂದರೆ ನಾವು ಒಂದಾಗುತ್ತೇವೆಯೇ, ಅಥವಾ ಅಲ್ಲೂ ಪಾಲಾಗುತ್ತೇವೆಯೇ?

ಈ ಪ್ರಶ್ನೆಯನ್ನು ಎದೆಯಲ್ಲಿ ಹೊತ್ತು ತಿರುಗಿದವರೊಬ್ಬರು ಇದೇ ಗುಂಟೂರು ಸೀಮೆಯ ಕವಿ ಗುರ್ರಂ ಜಾಷುವಾ. ವಿನುಕೊಂಡದಲ್ಲಿ 1895ರಲ್ಲಿ ಹುಟ್ಟಿದ ಕ್ರೈಸ್ತ. ತಂದೆ ಗೊಲ್ಲರು, ತಾಯಿ ಮಾದಿಗರು. ಛಂದಸ್ಸು ಕಲಿತು ಪದ್ಯ ಬರೆದರೆ ಮೇಲ್ಜಾತಿಯವರು ಪಂಚಮನಿಗೇಕೆ ಕಾವ್ಯ ಅಂದರು. ಪುರಾಣದ ವಸ್ತು ಎತ್ತಿಕೊಂಡರೆ ಕ್ರೈಸ್ತರು ಇವನು ನಮ್ಮವನಲ್ಲ ಅಂದರು. 1941ರಲ್ಲಿ ಅವರು 'ಗಬ್ಬಿಲಂ' ಎಂಬ ಕಾವ್ಯ ಪ್ರಕಟಿಸಿದರು. ಗಬ್ಬಿಲಂ ಅಂದರೆ ಬಾವಲಿ. ಕಾಳಿದಾಸನ ಯಕ್ಷ ಮೇಘವನ್ನು ದೂತನಾಗಿ ಕಳಿಸಿದರೆ, ಜಾಷುವಾ ಅವರ ಅಸ್ಪೃಶ್ಯ ನಾಯಕ ತನ್ನ ದೂರನ್ನು ಶಿವನಿಗೆ ಮುಟ್ಟಿಸಲು ಬಾವಲಿಯನ್ನು ಕಳಿಸುತ್ತಾನೆ. ಮನುಷ್ಯನಿಗೆ ಗುಡಿಯ ಬಾಗಿಲು ಮುಚ್ಚಿದೆ, ಬಾವಲಿಗೆ ಯಾರೂ ಅಡ್ಡಿ ಮಾಡುವುದಿಲ್ಲ! ಅದೇ ಕವಿ ಕ್ರಿಸ್ತನ ಚರಿತ್ರೆಯನ್ನೂ ಕಾವ್ಯವಾಗಿ ಬರೆದು 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಎರಡೂ ಕಡೆಯವರು ದೂರ ಇಟ್ಟರೂ ಅವರು ಎರಡೂ ಕಡೆಯನ್ನು ಬಿಡಲಿಲ್ಲ. ದೃಢತೆ ಅಂದರೆ ನನಗೆ ಮೊದಲು ನೆನಪಾಗುವವರು ಅವರೇ.

ಇನ್ನೊಂದು ಸಂಗತಿಯನ್ನೂ ಹೇಳಬೇಕು, ಊರಿನವರು ಇದನ್ನು ಸುಮ್ಮನೆ ತಮಾಷೆಯಾಗಿ ಮಾತಾಡುವುದನ್ನು ಕೇಳಿದ್ದೇನೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಎಂಬ ಗುರುತು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತನಾದ ದಲಿತನಿಗೆ ಇಲ್ಲ. ಆಂಧ್ರದಲ್ಲಿ ಅವರನ್ನು ಹಿಂದುಳಿದ ವರ್ಗಗಳ 'ಸಿ' ಗುಂಪಿಗೆ ಹಾಕಿದ್ದಾರೆ, ಅದರ ಪಾಲು ಬಹಳ ಕಡಿಮೆ. 2025ರಲ್ಲಿ ಆಂಧ್ರಪ್ರದೇಶ ಹೈಕೋರ್ಟು, ಮತ ಬದಲಿಸಿ ಕ್ರೈಸ್ತನಾದವನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಸಲ್ಲುವುದಿಲ್ಲ ಎಂದು ಹೇಳಿತು. ಹೀಗಾಗಿ ಇಲ್ಲಿ ಎಷ್ಟೋ ಜನಕ್ಕೆ ಎರಡು ಹೆಸರು. ಸಭೆಯಲ್ಲೊಂದು, ಸರ್ಟಿಫಿಕೇಟಿನಲ್ಲೊಂದು. "ಇವರಿಗೆ ನಂಬಿಕೆ ಇದ್ದರೆ ನಿಜ ಹೇಳಲಿ ನೋಡೋಣ" ಅನ್ನುವವರಿಗೆ ನಾನು ಕೇಳುವುದು: ನಿಮ್ಮ ನಂಬಿಕೆಗೆ ನೀವು ಕೊಟ್ಟ ಬೆಲೆ ಎಷ್ಟು? ನಾನು ನೇಕಾರರ ಮನೆಯವನು. ಕ್ರೈಸ್ತ ಅಂತ ಬರೆಸಿದ್ದಕ್ಕೆ ನನ್ನ ಮಕ್ಕಳ ಸೀಟು ಹೋಗಲಿಲ್ಲ. ಬೆಲೆಯನ್ನೇ ಕೊಡದವನು ಬೆಲೆ ಕೊಡಲಾರದವನ ನಂಬಿಕೆಯನ್ನು ತೂಗುವುದು ನ್ಯಾಯವಲ್ಲ. ಅಲ್ಲಿ ಸುಳ್ಳು ಯಾರದಾದರೂ ಇದ್ದರೆ, ಮತ ಬದಲಾದರೆ ಜಾತಿ ಹೋಗುತ್ತದೆ ಅನ್ನುವ ಲೆಕ್ಕದ್ದು. ಜಾತಿ ಹೋಗುವುದಿಲ್ಲ ಅಂತ ನಮ್ಮ ಬೀದಿಯ ಆ ತಾಯಿಗೆ ಗೊತ್ತು.

ಒಗ್ಗಟ್ಟು ಎಲ್ಲೂ ಕಾಣುವುದೇ ಇಲ್ಲ ಅಂತಲೂ ಅಲ್ಲ. ಫೆಬ್ರವರಿ 9ರಿಂದ 11ರವರೆಗೆ ವಿಜಯವಾಡದ ಗುಣದಲ ಮಾತೆಯ ಉತ್ಸವ. ಬೆಟ್ಟದ ಮೇಲಿನ ಆ ಮಾತೆ ಕ್ಯಾಥೊಲಿಕರದು, ಆದರೆ ಏರುವವರಲ್ಲಿ ಎಲ್ಲ ಸಭೆಯವರೂ ಇದ್ದಾರೆ, ತೆಂಗಿನಕಾಯಿ ಹಿಡಿದ, ಮುಡಿ ಕೊಟ್ಟ ಹಿಂದೂಗಳೂ ಇದ್ದಾರೆ. ಮೆಟ್ಟಿಲ ಮೇಲೆ ಯಾರೂ ಯಾರನ್ನೂ "ಮೀರೆವರಂಡಿ?" ಅಂತ ಕೇಳುವುದಿಲ್ಲ. ಊರಲ್ಲಿ ಹೊಸಬನನ್ನು ಕೇಳುವ ಮೊದಲ ಪ್ರಶ್ನೆಯೇ ಅದು. ನೀವು ಯಾರು ಅಂತ ಅದರ ಅರ್ಥ, ಯಾವ ಜಾತಿ ಅಂತ ಅದರ ಇಂಗಿತ. ಆದರೆ ಬೆಟ್ಟದ ಒಗ್ಗಟ್ಟು ಮೂರು ದಿನದ್ದು. ಕೆಳಗಿಳಿದ ಮೇಲೆ ಅವರವರ ಪಲ್ಲೆಗೆ ಅವರವರ ಆಟೋ. ಜಾತ್ರೆಯಲ್ಲಿ ಹೆಗಲಿಗೆ ಹೆಗಲು ತಾಗಿದ್ದನ್ನು ಸಮಾನತೆ ಅಂದುಕೊಳ್ಳುವ ಭ್ರಮೆ ನಮ್ಮ ಕಡೆಯ ಜಾತ್ರೆಗಳಲ್ಲೂ ಇದೆ.

ಅಂತೂ ನಾನು ಬಂದು ಮುಟ್ಟಿದ್ದು ಇಲ್ಲಿಗೆ. ಭೇದಗಳಲ್ಲಿ ಎರಡು ಬಗೆ. ದೇವರನ್ನು ಹೇಗೆ ಅರಿಯಬೇಕು, ಹೇಗೆ ಪ್ರಾರ್ಥಿಸಬೇಕು ಅನ್ನುವ ಭೇದ ಒಂದು. ಇದರಲ್ಲಿ ನಾನು ತಪ್ಪಿರಬಹುದು, ಎದುರಿನವರು ಸರಿಯಿರಬಹುದು. ಹಾಗಾಗಿ ಮೂವತ್ತು ವರ್ಷವೇನು, ಮುನ್ನೂರು ವರ್ಷ ಬೇಕಾದರೂ ಒಂದೇ ಮೇಜಿನಲ್ಲಿ ಕೂತು ಕಾಯಬಹುದು. ಎದುರಿಗೆ ಕೂತವನೇ ನನಗಿಂತ ಕೀಳು ಅನ್ನುವ ಭೇದ ಇನ್ನೊಂದು. ಇದಕ್ಕೆ ಮೂವತ್ತು ವರ್ಷದ ಗಡುವು ಕೊಟ್ಟರೆ, ಆ ಮೂವತ್ತು ವರ್ಷ ಅವನು ನೆಲದ ಮೇಲೆ ಕೂತಿರಬೇಕಾಗುತ್ತದೆ. ಮೊದಲನೆಯದನ್ನು ಸಹಿಸದವನು ಮತಾಂಧ. ಎರಡನೆಯದನ್ನು ಸಹಿಸುವವನನ್ನು ನಾವು ದೊಡ್ಡ ಮನಸ್ಸಿನವನು, ಹೊಂದಿಕೊಂಡು ಹೋಗುವವನು ಅಂತ ಹೊಗಳುತ್ತೇವೆ. ನಮ್ಮ ತಪ್ಪು ಲೆಕ್ಕ ಇರುವುದು ಅಲ್ಲೇ. ಸಣ್ಣ ಭೇದಕ್ಕೆ ಬೇರೆ ಬೋರ್ಡು ಹಾಕುತ್ತೇವೆ, ದೊಡ್ಡ ಭೇದವನ್ನು ಒಗ್ಗಟ್ಟಿನ ಹೆಸರಲ್ಲಿ ಮುಚ್ಚಿಡುತ್ತೇವೆ.

ಆ ಮದುವೆಯ ವಿಷಯಕ್ಕೆ ಬಂದರೆ, ತಾಯಿ ಹೆಸರಿಟ್ಟು ಹೇಳಿದ ಮೇಲೆಯೇ ಮಾತು ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ನೀರಿನ ಬಗ್ಗೆ ವಾದವಿತ್ತು, ಅದಕ್ಕೆ ಕೊನೆಯಿರಲಿಲ್ಲ. ಜಾತಿ ಅಂತ ಬಾಯಿಬಿಟ್ಟು ಹೇಳಿದಾಗ ಮಾತ್ರ ಆ ಹುಡುಗಿ, "ನಾನ್ನಾ, ವಾರ್ಡಿನಲ್ಲಿ ಯಾರ ಮೈ ಒರೆಸುವಾಗಲೂ ನಾನು ಇದನ್ನು ಕೇಳಿಲ್ಲ" ಅಂದಳು. ಅಪ್ಪ ಉತ್ತರ ಕೊಡಲಿಲ್ಲ. ಎರಡು ತಿಂಗಳ ಮೇಲೆ ಮದುವೆಯಾಯಿತು. ಎರಡೂ ಸಭೆಯ ಪಾಲಕರು ಪಕ್ಕಪಕ್ಕ ನಿಂತು ಆಶೀರ್ವದಿಸಿದರು. ಎರಡೂ ಕಡೆ ಕೆಲವು ನೆಂಟರು ಬರಲಿಲ್ಲ, ಅವರು ಇನ್ನೂ ಮಾತು ಬಿಟ್ಟಿದ್ದಾರೆ. ಮಗುವಾದರೆ ನೀರು ಚಿಮುಕಿಸುವುದೋ, ದೊಡ್ಡದಾಗುವ ತನಕ ಕಾಯುವುದೋ ಅನ್ನುವುದು ಗಂಡ ಹೆಂಡಿರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಅದರ ಬಗ್ಗೆ ಅವರು ಜೋರಾಗಿಯೇ ವಾದ ಮಾಡುತ್ತಾರೆ, ಒಂದೇ ತಟ್ಟೆಯಲ್ಲಿ ಉಣ್ಣುತ್ತಾ.